ಏತದ ಕಲ್ಲು

“ಅಜ್ಜಾರ, ಒಂದನ್ನ ಅದರ ಮುಖ ನೋಡಿ ಗುರುತು ಹಿಡೀಬೇಕೋ, ಅದು ಬಂದ ದಾರಿ ನೋಡಿ ಹಿಡೀಬೇಕೋ?”

ಮುರಿಗೆಯ್ಯ ಹೀಗೆ ಕೇಳಿದಾಗ ಮಠದಲ್ಲಿ ಮಧ್ಯಾಹ್ನದ ಪಂಕ್ತಿ ಎದ್ದಿತ್ತು. ಗುರುಗಳು ಬೇವಿನ ಕಟ್ಟೆಗೆ ಬಂದು ಕುಳಿತಿದ್ದರು. ಊರಿನವರಂತೆ ಶಿಷ್ಯರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

“ಯಾವುದನ್ನ?” ಎಂದರು ಅಜ್ಜಾರು.

ಮುರಿಗೆಯ್ಯ ಕೈಯಲ್ಲಿದ್ದ ಪೇಪರು ಬಿಡಿಸಿ, ಓದಿದ್ದನ್ನು ತನಗೆ ತಿಳಿದ ಮಟ್ಟಿಗೆ ಹೇಳಿದ. ಭೂಮಿಯ ಹತ್ತಿರ ಹಾದುಹೋಗುವ ಕಲ್ಲುಗಳು ಆಕಾಶದಲ್ಲಿವೆ. ಅವಕ್ಕೆ ಕ್ಷುದ್ರಗ್ರಹ ಎನ್ನುತ್ತಾರೆ. ಬಾಲಚುಕ್ಕಿಗಳು ಬೇರೆ. ಅವು ಬಹುದೂರದ ಚಳಿಯಿಂದ ಬರುತ್ತವೆ. ಅವುಗಳ ಮೈಯೊಳಗೆ ಮಂಜುಗಡ್ಡೆ ಇರುತ್ತದೆ. ಸೂರ್ಯನ ಬಳಿ ಬಂದಾಗ ಅದು ಆವಿಯಾಗಿ ಬಾಲ ಬಿಡುತ್ತದೆ. ಇದು ಕಲ್ಲು, ಅದು ಬಾಲಚುಕ್ಕಿ ಎಂದು ಇಷ್ಟು ದಿನ ಎಲ್ಲರೂ ನೆಮ್ಮದಿಯಾಗಿದ್ದರು. ಈಗ ನೋಡಿದರೆ ಕೆಲವು ಕಲ್ಲುಗಳು ಈ ಕಡೆಗೂ ಸೇರುತ್ತಿಲ್ಲ, ಆ ಕಡೆಗೂ ಸೇರುತ್ತಿಲ್ಲ. ಬಾಲವಿಲ್ಲ, ಆವಿಯಿಲ್ಲ. ಇದ್ದಲಿನಂತೆ ಕಪ್ಪಗೆ ಒಣಗಿಕೊಂಡಿವೆ. ತಿರುಗುವ ದಾರಿ ಮಾತ್ರ ಬಾಲಚುಕ್ಕಿಯದು, ಹಿಡಿದು ಎಳೆದ ಬಳೆಯ ಹಾಗೆ ಉದ್ದಕ್ಕೆ ಹೋಗಿದೆ. ಅವುಗಳಲ್ಲಿ ಯಾವುದೋ ಒಂದು, ಯಾರೂ ಎಣಿಸದಿದ್ದಾಗ, ಸೂರ್ಯನ ಬಳಿಗೆ ಬಂದು ತೆಳ್ಳಗೆ ಬಾಲ ಬಿಟ್ಟು ಮತ್ತೆ ಸುಮ್ಮನಾಗುತ್ತದೆ.

“ಕ್ಷುದ್ರ ಅಂತ ಹೆಸರು ಇಟ್ಟೇ ಬಿಟ್ಟಾರೇನು? ಪಾಪ,” ಎಂದರು ಅಜ್ಜಾರು.

“ನಗಬ್ಯಾಡ್ರಿ. ಅದು ಕಲ್ಲೋ, ಬಾಲಚುಕ್ಕಿಯೋ?”

ಅಜ್ಜಾರು ಅವನ ಮುಖ ನೋಡಿದರು. ಮುರಿಗೆಯ್ಯ ಮಠಕ್ಕೆ ಬರುವ ಮೊದಲು ಶಾಲೆ ಬಿಟ್ಟು ಲಾರಿ ಹತ್ತಿದವನು. ಆಮೇಲೆ ನಾಟಕದ ಕಂಪನಿಯ ಪರದೆ ಎಳೆದ, ಕುರಿ ಹಿಂಡಿನ ಹಿಂದೆ ನಡೆದ, ಎಲ್ಲಿಯೂ ನಿಲ್ಲಲಿಲ್ಲ. ಇಲ್ಲಿ ನಿಂತ. ಸುಗ್ಗಿ ಮುಗಿದ ಕೂಡಲೇ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ ದಾಸೋಹಕ್ಕೆ ಕಾಳು ತರುವುದು ಪ್ರತಿ ವರ್ಷ ಅವನ ಕೆಲಸವಾಗಿತ್ತು. ಈ ವರ್ಷ ಭಕ್ತರು ಕಾಳನ್ನು ಟೆಂಪೊದಲ್ಲಿ ಕಳಿಸಿಬಿಟ್ಟರು. ಜೋಳಿಗೆ ಗೂಟದಲ್ಲೇ ಉಳಿಯಿತು. ಬರುವ ಸೋಮವಾರ ಉಗ್ರಾಣದ ಬೀಗದ ಕೈ ಮುರಿಗೆಯ್ಯನಿಗೆ ಬರುವುದಿತ್ತು. ಅದನ್ನು ಹಿಡಿದ ಮೇಲೆ ಮಠದವನೇ ಆದಂತೆ. ಬೇಡವೆನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ, ಬೇಕೆನ್ನಲು ಕಾಲು ಒಪ್ಪುತ್ತಿರಲಿಲ್ಲ. ಹಿಂದಿನ ದಿನ ಪಂಕ್ತಿಯಲ್ಲಿ ಮತ್ತೊಮ್ಮೆ ಸಾರು ಕೇಳಿದ ಒಬ್ಬ ಮುದುಕನ ಮೇಲೆ ರೇಗಿ, ಸಾರಿನ ಬಕೆಟ್ಟನ್ನು ನೆಲಕ್ಕೆ ಕುಕ್ಕಿದ್ದ.

“ಕೂಡು, ಹೇಳ್ತೀನಿ,” ಎಂದರು ಅಜ್ಜಾರು.

ಒಬ್ಬ ರೈತನಿದ್ದ. ಹೊಳೆಯ ಮೇಲಿನ ಏರಿನಲ್ಲಿ ಅವನ ಹೊಲ. ಒಬ್ಬಳೇ ಮಗಳು.

ಆ ಕಾಲಕ್ಕೆ ಎತ್ತಿನ ಬೆನ್ನ ಮೇಲೆ ಉಪ್ಪಿನ ಚೀಲ ಹೇರಿಕೊಂಡು ಊರೂರು ತಿರುಗುವ ಜನರಿದ್ದರು. ಹೇರೆತ್ತಿನವರು ಎಂದು ಅವರ ಹೆಸರು. ಊರು ಯಾವುದೆಂದು ಕೇಳಿದರೆ ದಾರಿಯತ್ತ ಕೈ ತೋರಿಸುವವರು. ಮಳೆ ನಿಂತ ಮೇಲೆ ವರ್ಷಕ್ಕೊಮ್ಮೆ ರೈತನ ಹೊಲದ ಮೇಲಿನ ಗುಡ್ಡದ ದಾರಿಯಲ್ಲಿ ಹಾದುಹೋಗುತ್ತಿದ್ದರು. ಒಂದು ವರ್ಷ ಅವರಲ್ಲೊಬ್ಬ ಜ್ವರ ಬಂದು ಬಿದ್ದ. ಹೇರು ಹೊತ್ತ ಎತ್ತು ನಿಲ್ಲುವಂತಿಲ್ಲ. ಅವನನ್ನು ರೈತನ ಹೊಲದ ಗುಡಿಸಲಿನಲ್ಲಿ ಮಲಗಿಸಿ, ಉಳಿದರೆ ಹಿಂದಿನಿಂದ ಬರಲಿ ಎಂದು ಹೇಳಿ ನಡೆದರು.

ಅವನು ಉಳಿದ. ಆದರೆ ಹಿಂದಿನಿಂದ ಹೋಗಲಿಲ್ಲ. ಉಂಡ ಗಂಜಿಯ ಋಣಕ್ಕೆ ಕಳೆ ಕಿತ್ತ, ದನ ಮೇಯಿಸಿದ, ನೇಗಿಲು ಹಿಡಿಯುವುದನ್ನು ಕಲಿತ. ರೈತ ಅವನಿಗೆ ಮಗಳನ್ನು ಕೊಟ್ಟು ಮನೆಅಳಿಯನನ್ನಾಗಿ ಮಾಡಿಕೊಂಡ. ಮದುವೆಗೆ ಮುಂಚೆ ತಮ್ಮಾ ಎಂದು ಕರೆಯುತ್ತಿದ್ದವನು ಮದುವೆಯಾದ ಮೇಲೂ ತಮ್ಮಾ ಎಂದೇ ಕರೆದ. ಅಳಿಯ ಊರಿನವರಂತೆ ರುಮಾಲು ಸುತ್ತಿದ, ಊರಿನವರಂತೆ ಮಾತಾಡಿದ. ಹೊಸಬರು ಬಂದರೆ ಇವನು ಇಲ್ಲಿಯವನೇ ಎಂದುಕೊಂಡು ಹೋಗುತ್ತಿದ್ದರು.

ರೈತನಿಗೆ ಮಾತ್ರ ಸಮಾಧಾನವಿರಲಿಲ್ಲ. ಅಳಿಯ ಹೊಸ್ತಿಲ ಬಳಿ ಚಪ್ಪಲಿ ಬಿಟ್ಟರೆ ತುದಿ ಹೊರಗಡೆಗೆ ಇರುವಂತೆ ಬಿಡುತ್ತಿದ್ದ. ಎದ್ದವನು ಹಾಗೆಯೇ ಕಾಲು ತೂರಿಸಿ ನಡೆಯಬೇಕು, ಅಂಥ ಅಭ್ಯಾಸ. ರೈತ ಯಾರೂ ಕಾಣದಂತೆ ತನ್ನ ಕಾಲಿನಿಂದ ಅವನ್ನು ಒಳಗಡೆಗೆ ತಿರುಗಿಸುತ್ತಿದ್ದ. ಮರುದಿನ ಅವು ಮತ್ತೆ ಹೊರಗೆ ನೋಡುತ್ತಿದ್ದವು.

“ಅಪ್ಪಾ, ಅವರನ್ನ ಕಾಯೂದು ಬಿಟ್ಟು ಎಮ್ಮಿ ಕಾಯಿ, ಹಾಲರೆ ಸಿಕ್ಕೀತು,” ಎಂದಳು ಮಗಳು.

“ನಿನಗೇನು ತಿಳೀತೈತಿ? ಹೇರೆತ್ತಿನ ಗಂಟಿ ಸಪ್ಪಳಾ ಕೇಳಿದ ದಿವಸ ಹೊಂಟ ನಿಂದರ್ತಾನ,” ಎಂದ ರೈತ.

ಅದಕ್ಕೆ ಅವನೊಂದು ಉಪಾಯ ಹೂಡಿದ. ಎರಡು ಗುಡ್ಡದಾಚೆ ಅವನ ತಂಗಿಯ ಊರಿತ್ತು. ಹೇರೆತ್ತು ಬರುವ ದಿನಗಳು ಹತ್ತಿರವಾದವೆಂದರೆ ಅಳಿಯನನ್ನು ಕರೆದು, ತಂಗಿಯ ಹೊಲದ ಬೇಲಿ ಮಳೆಗೆ ಬಿದ್ದಿದೆಯಂತೆ, ಕಟ್ಟಿಕೊಟ್ಟು ಬರಬೇಕು ಎನ್ನುತ್ತಿದ್ದ. ಬೇಲಿ ಬಿದ್ದಿರುತ್ತಿರಲಿಲ್ಲ. ಆದರೆ ಅಣ್ಣನ ಮಾತು ಸುಳ್ಳಾಗಬಾರದೆಂದು ತಂಗಿ ಹಿಂದಿನ ದಿನವೇ ಹೋಗಿ, ಬೈದುಕೊಳ್ಳುತ್ತ, ಒಂದಷ್ಟು ಮುಳ್ಳು ಕಿತ್ತು ಬಿಸಾಡಿ ಬರುತ್ತಿದ್ದಳು. ಅಳಿಯ ಮರುಮಾತಾಡದೆ ಹೊರಡುತ್ತಿದ್ದ.

“ಹೋಗಿ ಬಾ, ತಮ್ಮಾ,” ಎನ್ನುತ್ತಿದ್ದ ರೈತ. ನಮ್ಮಲ್ಲಿ ಬರೀ ಹೋಗು ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ರೈತನಂತೂ ಹೋಗಿ ಎನ್ನುವುದನ್ನು ಗಂಟಲಲ್ಲೇ ನುಂಗಿ, ಬಾ ಎನ್ನುವುದನ್ನಷ್ಟೇ ಗಟ್ಟಿಯಾಗಿ ಹೇಳುತ್ತಿದ್ದ. ಅಳಿಯ ತಿರುಗಿ ಬರುವ ಹೊತ್ತಿಗೆ ಹೇರೆತ್ತು ದಾಟಿ ಹೋಗಿರುತ್ತಿತ್ತು. ಎಷ್ಟೋ ವರ್ಷ ಹೀಗೆ ನಡೆಯಿತು.

“ಅಂದ್ರ ಅವ ರೈತನೋ ಹೇರೆತ್ತಿನವನೋ?” ಎಂದ ಮುರಿಗೆಯ್ಯ.

“ಸುಮ್ಮನ ಕೇಳು,” ಎಂದರು ಅಜ್ಜಾರು.

ಒಂದು ವರ್ಷ ರೈತನ ತಂಗಿ ತೀರಿಕೊಂಡಳು. ಅವಳ ಹೊಲವನ್ನು ಯಾರೋ ಗೇಣಿಗೆ ಹಿಡಿದರು. ಕಟ್ಟಲು ಬೇಲಿ ಉಳಿಯಲಿಲ್ಲ, ಬೇಲಿ ಕೀಳುವವಳೂ ಉಳಿಯಲಿಲ್ಲ. ಆ ಮಳೆಗಾಲ ಮುಗಿಯುತ್ತ ಬಂದಂತೆ ಅಳಿಯನಿಗೆ ಏನೋ ಆಯಿತು. ಸಾಲು ಸೊಟ್ಟಗೆ ಹೊಡೆದ. ಹೆಂಡತಿ ಬಡಿಸಿದ ರೊಟ್ಟಿಗೆ ಉಪ್ಪು ಹೆಚ್ಚೆಂದು ತಟ್ಟೆ ಸರಿಸಿದ. ಎಂದೂ ಎತ್ತಿಗೆ ಹೊಡೆಯದವನು ಬಾರುಕೋಲು ಮುರಿಯುವಂತೆ ಹೊಡೆದ. ರೈತ ನೋಡಿದ. ಬೇರೆ ಯಾವ ಊರಿಗೆ ಕಳಿಸಲಿ ಎಂದು ಯೋಚಿಸುತ್ತಿರುವಾಗಲೇ ಗುಡ್ಡದ ಮೇಲೆ ಗಂಟೆಯ ಸಪ್ಪಳ ಕೇಳಿತು.

ಆ ಸಲ ಹೇರೆತ್ತಿನವರು ಹಾದುಹೋಗಲಿಲ್ಲ. ಇಳಿದು ಬಂದು ಹೊಲದ ಪಕ್ಕದ ಬೀಳು ನೆಲದಲ್ಲಿ ಎತ್ತು ಬಿಟ್ಟರು. ಮುಂದಾಳು ಅಳಿಯನ ಒಡಹುಟ್ಟಿದ ಅಣ್ಣ. ಹಿಂದಿನಿಂದ ಬಾರದ ತಮ್ಮ ಸತ್ತನೆಂದೇ ತಿಳಿದಿದ್ದ. ಅವನು ಬದುಕಿದ್ದಾನೆಂಬುದು ಈಚೆಗೆ ಯಾವುದೋ ಸಂತೆಯಲ್ಲಿ ಕಿವಿಗೆ ಬಿದ್ದಿತ್ತು. ಅವನು ತಮ್ಮನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

“ಹೊಲ ಯಾರದು?” ಎಂದ.

“ಮಾವಂದು.”

“ಮನಿ?”

“ಮಾವಂದ.”

“ಮತ್ತ ನಿಂದ್ಯಾವುದಲೇ? ಈ ಎರಡು ಕಾಲು. ತಗೊಂಡು ನಡಿ.”

ಅಳಿಯ ನಕ್ಕ. ಬಾಯಿ ತೆರೆದು, ತಲೆ ಹಿಂದಕ್ಕೆ ಹಾಕಿ ನಕ್ಕ. ಅಂಥ ನಗು ತನ್ನ ಮನೆಯೊಳಗೆ ರೈತ ಒಮ್ಮೆಯೂ ಕೇಳಿರಲಿಲ್ಲ.

ರೈತ ಅವರನ್ನು ಊಟಕ್ಕೆ ಕರೆದ. ದಾರಿಯಲ್ಲಿರುವಾಗ ನಾವು ಇನ್ನೊಬ್ಬರ ಒಲೆಯದು ಉಣ್ಣುವುದಿಲ್ಲ ಎಂದ ಅಣ್ಣ. ಹಾಗಾದರೆ ಒಲೆ ನಾನು ಹೂಡುತ್ತೇನೆ ಎಂದು ಅಳಿಯ ಎದ್ದ.

ಒಲೆ ಹೂಡುವುದರಲ್ಲಿ ಹೇರೆತ್ತಿನವರದೊಂದು ಕಟ್ಟಳೆ ಇತ್ತು. ದಿನವೂ ಹೊಸ ಜಾಗ, ದಿನವೂ ಹೊಸ ಮೂರು ಕಲ್ಲು. ನೀರಿನ ಬದಿಯಲ್ಲೇ ಇಳಿದಿದ್ದರೂ ಹೊಳೆಯ ಕಲ್ಲನ್ನು ಮುಟ್ಟುತ್ತಿರಲಿಲ್ಲ. ಹೊಳೆಯ ಕಲ್ಲು ನೀರು ಕುಡಿದಿರುತ್ತದೆ. ಮೇಲೆ ಒಣಗಿದರೂ ಒಳಗೆ ಬಿಡುವುದಿಲ್ಲ. ಬೆಂಕಿ ಕಂಡಾಗ ಆ ನೀರು ಆವಿಯಾಗಿ, ಹೊರಗೆ ಬರಲು ದಾರಿ ಕಾಣದೆ, ಕಲ್ಲನ್ನೇ ಸಿಡಿಸುತ್ತದೆ. ಆದ್ದರಿಂದ ಎಷ್ಟೇ ದಣಿದಿರಲಿ, ಏರು ಹತ್ತಿ ಮೇಲಿನ ಕಲ್ಲನ್ನೇ ತರುತ್ತಿದ್ದರು.

ಅಳಿಯ ಕಟ್ಟಳೆ ಮರೆತಿರಲಿಲ್ಲ. ಹೊಲದ ಮೇಲಿನ ಬದುವಿಗೆ ಹೋದ. ಅಲ್ಲಿ ರಾಶಿ ಬಿದ್ದಿದ್ದ ಕಲ್ಲುಗಳಲ್ಲಿ ಮೂರನ್ನು ಆರಿಸಿದ. ಮೂರೂ ಒರಟು, ಮೂರಕ್ಕೂ ಒಂದೇ ಕೆಮ್ಮಣ್ಣು ಮೆತ್ತಿತ್ತು. ಹೊತ್ತು ತಂದು ಹೂಡಿದ. ಅವನ ಹಿಂದೆಯೇ ರೈತನೂ ಹೋಗಿದ್ದ, ಹಿಂದೆಯೇ ಬಂದ. ಒಲೆಯ ಎದುರು ಅಳಿಯ ಕುಕ್ಕರಗಾಲಲ್ಲಿ ಕೂತ ರೀತಿ ನೋಡಿದ. ಮರೆತಿದ್ದಾನೆಂದುಕೊಂಡಿದ್ದ ತನ್ನವರ ಮಾತನ್ನು ಅವನು ಆಡುವುದನ್ನು ಕೇಳಿದ. ಇವರು ಬೇಗ ಉಂಡರೆ ಬೇಗ ಹೋದಾರು ಎನ್ನಿಸಿತು. ಮನೆಗೆ ಓಡಿ, ಒಂದು ಬುಟ್ಟಿ ಒಣ ಸಗಣಿಯ ಕುಳ್ಳು ತಂದು ಒಲೆಗೆ ತುರುಕಿದ. ಬೆಂಕಿ ಒಮ್ಮೆಲೇ ಭುಗ್ಗೆಂದಿತು.

ನುಚ್ಚು ಕುದಿ ಹಿಡಿಯುವ ಹೊತ್ತಿಗೆ ಒಂದು ಕಲ್ಲು ಸಿಡಿಯಿತು.

ಗಡಿಗೆ ಒಡೆದು ನುಚ್ಚು ನೆಲದ ಪಾಲಾಯಿತು. ಎತ್ತುಗಳು ಬೆದರಿ ಗಂಟೆಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು. ಒಂದು ಚೂರು ಅಳಿಯನ ಮೊಳಕಾಲ ಕೆಳಗೆ ಸೀಳಿಕೊಂಡು ಹೋಗಿತ್ತು. ಎರಡು ಹೋಳಾಗಿ ಬಿದ್ದ ಕಲ್ಲಿನ ಒಳಮೈ ಹಸಿಯಾಗಿ ಹೊಗೆಯಾಡುತ್ತಿತ್ತು.

“ನೋಡಿದೇನಲೇ?” ಎಂದ ಅಣ್ಣ. “ಇಲ್ಲಿ ಕಲ್ಲಿಗೂ ನೀ ಬ್ಯಾಡಾಗೀದಿ. ಒಲಿ ಹೂಡೂದು ಸುದ್ದಾ ಮರತೀದಿ.”

“ಏರಿನ ಕಲ್ಲು, ಅಣ್ಣಾ,” ಎಂದ ಅಳಿಯ, ಗಾಯ ಒತ್ತಿ ಹಿಡಿದು. “ಬದುವಿನ ಮ್ಯಾಲಿಂದ ತಂದೀನಿ. ಹೊಳೀದಲ್ಲ.”

“ಹೊಳೀದ ಅದು.”

ಹೇಳಿದವನು ರೈತ. ಮಾತು ಬಾಯಿಂದ ಜಾರಿತ್ತು, ಇನ್ನು ನುಂಗುವಂತಿರಲಿಲ್ಲ. ಅವನು ಚಿಕ್ಕವನಿದ್ದಾಗ ಅವನ ಅಪ್ಪ ಬಾವಿಗೆ ನೀರೆತ್ತುವ ಏತ ಹೂಡಿದ್ದ. ಏತದ ಹಿಂದಿನ ತುದಿಗೆ ಭಾರ ಬೇಕೆಂದು ಆ ಕಲ್ಲನ್ನು ಹೊಳೆಯಿಂದ ಹೆಗಲ ಮೇಲೆ ಹೊತ್ತು ತಂದಿದ್ದ. ನುಣ್ಣನೆಯ ಕಲ್ಲು, ಹಗ್ಗ ಜಾರುತ್ತದೆಂದು ಉಳಿಯಿಂದ ಮೈಯೆಲ್ಲ ಒರಟು ಮಾಡಿಸಿದ್ದ. ಏತ ಮುರಿದ ಮೇಲೆ ಕಲ್ಲು ಬದುವಿಗೆ ಬಿತ್ತು. ಅಲ್ಲಿ ಮಣ್ಣು ಮೆತ್ತಿಕೊಂಡು, ವರ್ಷ ವರ್ಷದ ಮಳೆ ಕುಡಿದು, ಉಳಿದ ಕಲ್ಲುಗಳ ನಡುವೆ ಕಲ್ಲಾಗಿ ಕೂತಿತು.

ಅಳಿಯನಿಗೆ ಬೆಂಕಿ ಗೊತ್ತಿತ್ತು, ಕಲ್ಲು ಬಂದ ದಾರಿ ಗೊತ್ತಿರಲಿಲ್ಲ. ಮಾವನಿಗೆ ದಾರಿ ಗೊತ್ತಿತ್ತು.

“ನಿಮಗ ಗೊತ್ತಿತ್ತೇನ್ರಿ, ಮಾವಾರ?” ಎಂದ ಅಳಿಯ. “ಬದುವಿನ ಮ್ಯಾಲ ನನ್ನ ಬಾಜೂಕ ನಿಂತಿದ್ರಿ. ಮತ್ಯಾಕ ಹೇಳಲಿಲ್ಲ?”

“ನಾ ಕಲ್ಲು ನೋಡಲಿಲ್ಲೋ ತಮ್ಮಾ,” ಎಂದ ರೈತ. “ನಿನ್ನ ಮುಖಾ ನೋಡಕೋತ ನಿಂತಿದ್ದೆ.”

ಮಗಳು ಅರಿಸಿನ, ಹಳೆಯ ಬಟ್ಟೆ ತಂದು ಗಂಡನ ಕಾಲಿಗೆ ಕಟ್ಟಿದಳು. ಕಟ್ಟುತ್ತ ಅಪ್ಪನಿಗೆ ಹೇಳಿದಳು: “ಮುಖಾ ನೋಡಿ ನೋಡಿ ನಿನ್ನ ಕಣ್ಣ ಹೋಗ್ಯಾವು. ಒಮ್ಮೆರೆ ಬಾಯಿ ಬಿಟ್ಟು ಕೇಳಬಾರದೇನು?”

ಆಗ ರೈತ ಕೇಳಿದ. ಬಾ ಸೇರಿಸದೆ ಎಂದೂ ಆಡದ ಮಾತನ್ನು ಒಂಟಿಯಾಗಿಯೇ ಆಡಿದ. “ಹೋಗತೀಯೇನು?”

ಅಳಿಯ ಒಡೆದ ಕಲ್ಲನ್ನು ಕೋಲಿನಿಂದ ಹೊರಳಿಸಿದ.

“ಮಾವಾರ, ವರ್ಷಾ ವರ್ಷಾ ನನ್ನ ಅತ್ತೀ ಊರಿಗೆ ಕಳಸ್ತಿದ್ರಿ,” ಎಂದ. “ಬ್ಯಾಲಿ ಕೀಳವರು ಯಾರು ಅಂತ ನನಗ ಗೊತ್ತಿತ್ತು. ಕಿತ್ತ ಗುಂಡಿ ಹಸೀ ಇರತಿದ್ದವು. ನನ್ನ ಯಾಕ ಕಳಸ್ತೀರಿ ಅನ್ನೂದೂ ಗೊತ್ತಿತ್ತು. ಆದರೂ ಹೋಗ್ತಿದ್ದೆ. ನೀವು ಹೇಳಿದ ಗಾಡೀ ದಾರಿ ಹಿಡೀತಿದ್ದಿಲ್ಲ. ಹೋಗಬೇಕಾದರ ಒಂದು ಗುಡ್ಡಾ ಹತ್ತಿ ಹೋಗ್ತಿದ್ದೆ, ಬರಬೇಕಾದರ ಇನ್ನೊಂದು ಗುಡ್ಡಾ ಇಳದು ಬರ್ತಿದ್ದೆ. ಕಾಲಾಗಿಂದೆಲ್ಲಾ ಅಲ್ಲೇ ಚೆಲ್ಲಿ ಬರ್ತಿದ್ದೆ. ಬಂದ ಮ್ಯಾಲ ವರ್ಷತನಕ ಮನಿ ಮನೀ ಹಂಗ ಕಾಣತಿತ್ತು. ಈ ವರ್ಷ ಅತ್ತಿ ಇಲ್ಲ. ನೀವೂ ಕಳಸಲಿಲ್ಲ.”

ತಾನು ಅಳಿಯನನ್ನು ದಾರಿಯಿಂದ ಮರೆ ಮಾಡುತ್ತಿದ್ದೇನೆ ಎಂದು ರೈತ ಇಷ್ಟು ವರ್ಷ ನಂಬಿದ್ದ. ಮಾಡುತ್ತಿದ್ದುದು ದಾರಿಗೆ ಕಳಿಸುವುದನ್ನೇ.

ಮರುದಿನ ಬೆಳಗ್ಗೆ ಹೇರೆತ್ತಿನವರು ಚೀಲ ಹೇರಿದರು. ರೈತ ಹೊಸ್ತಿಲಿಗೆ ಬಂದ. ಅಳಿಯನ ಚಪ್ಪಲಿಗಳು ಒಳಗಡೆಗೆ ಮುಖ ಮಾಡಿದ್ದವು. ಹಿಂದಿನ ಸಂಜೆ ರೈತನೇ ತಿರುಗಿಸಿದ್ದ. ಈಗ ಬಗ್ಗಿ, ಕೈಯಿಂದ, ಅವನ್ನು ಹೊರಗಡೆಗೆ ತಿರುಗಿಸಿ ಜೋಡಿಸಿದ.

“ತಮ್ಮಾ, ಮನ್ಯಾಗ ಉಪ್ಪು ತೀರೇತಿ,” ಎಂದ. “ಇವರ ಜೋಡಿ ಹೋಗಿ ಒಂದಿಷ್ಟು ತಗೊಂಡು ಬರಬೇಕಲಾ.”

ಅಣ್ಣ ನಕ್ಕುಬಿಟ್ಟ. ಉಪ್ಪಿನ ಚೀಲ ಹೊತ್ತ ಎತ್ತು ಅವನ ಬೆನ್ನ ಹಿಂದೆಯೇ ನಿಂತಿತ್ತು. “ಯಜಮಾನ್ರ, ಉಪ್ಪು ಇಲ್ಲೇ ಐತಲ್ಲ. ಎಷ್ಟು ಬೇಕು, ಅಳೀಲೇನು?”

“ಇದು ಬ್ಯಾಡ,” ಎಂದ ರೈತ. “ಇನ್ನ ನಾಕು ಊರು ತಿರುಗಿ ಬಂದ ಉಪ್ಪು ಬೇಕು.”

ಮಗಳು ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಮನೆಯಲ್ಲಿ ಗಡಿಗೆ ತುಂಬ ಉಪ್ಪಿತ್ತು. ಒಳಗೆ ಹೋಗಿ, ಆ ಗಡಿಗೆಯನ್ನು ಎತ್ತಿ, ಎಮ್ಮೆ ನೀರು ಕುಡಿಯುವ ಬಾನಿಗೆ ಬೋರಲು ಹಾಕಿ, ಬರಿಗಡಿಗೆ ಹಿಡಿದು ಹೊರಗೆ ಬಂದಳು. “ಹೌದು,” ಎಂದಳು ಗಂಡನಿಗೆ. “ಒಂದು ಹರಳೂ ಇಲ್ಲ.”

ಅಳಿಯ ಚಪ್ಪಲಿಯಲ್ಲಿ ಕಾಲು ತೂರಿಸಿದ. ಬಟ್ಟೆ ಕಟ್ಟಿದ ಕಾಲನ್ನು ಎಳೆಯುತ್ತ ಅಂಗಳ ದಾಟಿದ.

“ಹೋಗಿ ಬಾ,” ಎಂದ ರೈತ. ಈ ಸಲ ಎರಡು ಮಾತನ್ನೂ ಒಂದೇ ತೂಕದಲ್ಲಿ ಹೇಳಿದ.

ಗಂಟೆಯ ಸಪ್ಪಳ ಗುಡ್ಡ ಹತ್ತಿತು, ಗುಡ್ಡ ಇಳಿಯಿತು, ಆಮೇಲೆ ಕೇಳಲಿಲ್ಲ.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು. ಮುರಿಗೆಯ್ಯ ಕಾದ. ಕಟ್ಟೆಯ ಮೇಲೆ ಬೇವಿನ ಎಲೆ ಬೀಳುತ್ತಿತ್ತು. ಪೇಪರು ಅವನ ತೊಡೆಯ ಮೇಲೆ ಹಾಗೆಯೇ ತೆರೆದಿತ್ತು. ಅದರಲ್ಲಿದ್ದ ಕಲ್ಲಿನ ಚಿತ್ರವನ್ನು ಒಮ್ಮೆ ನೋಡಿದ, ಅದರ ದಾರಿಯೆಂದು ಸುತ್ತ ಎಳೆದಿದ್ದ ಉದ್ದನೆಯ ಗೆರೆಯನ್ನು ಒಮ್ಮೆ ನೋಡಿದ. ಆ ಗೆರೆ ದೂರ ಹೋಗಿ, ಸುತ್ತು ಹಾಕಿ, ಹೊರಟ ಕಡೆಗೇ ಬಂದು ಕೂಡುತ್ತಿತ್ತು.

“ಅಜ್ಜಾರ,” ಎಂದ ಕೊನೆಗೆ, “ಅವ ತಿರುಗಿ ಬಂದನೇನ್ರಿ?”

ಅಜ್ಜಾರು ಉಗ್ರಾಣದ ಬೀಗದ ಕೈಯನ್ನು ಸೊಂಟದಿಂದ ತೆಗೆದು ತಮ್ಮ ಪಕ್ಕದಲ್ಲಿ ಕಟ್ಟೆಯ ಮೇಲೆ ಇಟ್ಟುಕೊಂಡರು.

“ಇದು ಇಲ್ಲೇ ಇರತೈತಿ, ಜೋಳಿಗಿ ಗೂಟಕ್ಕೈತಿ, ಹೋಗಿ ಬಾ.”